ಹೊಸ ಏರ್ ಇನ್‌ಟೇಕ್‌ನಿಂದ ಸಿಳ್ಳೆ ಶಬ್ದ: ನನ್ನ ಅನುಭವ

ಕಂಪನಿಯದ್ದಲ್ಲದ, ಹೊರಗೆ ಕೊಂಡ ಇನ್‌ಟೇಕ್ (ಎಂಜಿನ್‌ಗೆ ಗಾಳಿ ಒಯ್ಯುವ ಫಿಲ್ಟರ್, ಪೈಪು) ಹಾಕಿಸಿದ ಮೇಲೆ ಪೆಟ್ರೋಲ್ ಟ್ರಕ್ಕಿನಲ್ಲಿ ಗಾಳಿ ಎಳೆಯುವ ಸದ್ದು ಜಾಸ್ತಿಯಾಗುವುದು ಸಹಜ. ಆದರೆ ನನಗೆ ಕೇಳಿಸಿದ್ದು ಸಣ್ಣ ಸಿಳ್ಳೆ, ಅದೂ ಆಕ್ಸಿಲರೇಟರ್ ಒತ್ತಿದಾಗ ಮಾತ್ರ. ಥ್ರಾಟಲ್ (ಎಂಜಿನ್‌ಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಕವಾಟ) ದಾಟಿ ಎಂಜಿನ್ ಕಡೆ ಲೀಕ್ ಇದ್ದಿದ್ದರೆ ಐಡಲ್‌ನಲ್ಲೇ, ಅಂದ್ರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗಲೇ, ಕೇಳಬೇಕಿತ್ತು, ಯಾಕಂದ್ರೆ ಆಗ ಅಲ್ಲಿ ಎಳೆತ ಜೋರು. ಹಾಗಾಗಿ ಥ್ರಾಟಲ್‌ಗಿಂತ ಮುಂಚಿನ ಪೈಪಿನಲ್ಲೇ ಹುಡುಕಿದೆ.

ರಬ್ಬರ್ ಟ್ಯೂಬಿನ ಒಂದು ತುದಿ ಕಿವಿಗೆ ಹಿಡಿದು, ಇನ್ನೊಂದನ್ನು ಫ್ಯಾನ್, ಬೆಲ್ಟಿನಿಂದ ದೂರವಿಟ್ಟು ಒಂದೊಂದೇ ಜಾಯಿಂಟ್ ಹತ್ತಿರ ತಂದೆ. ಗೆಳೆಯ ರೇಸ್ ಕೊಡುತ್ತಿದ್ದ. ಗಾಳಿ ಅಳೆಯುವ ಸೆನ್ಸರ್ ಆದಮೇಲೆ ಬರುವ ಸಿಲಿಕೋನ್ ಕಪ್ಲರ್ (ಪೈಪುಗಳನ್ನು ಜೋಡಿಸುವ ಮೆತ್ತನೆಯ ತೋಳು) ಹತ್ತಿರ ಸಿಳ್ಳೆ ಜೋರಾಯಿತು. ಬೆರಳಿನಿಂದ ಒತ್ತಿದರೆ ನಿಂತೇಹೋಯಿತು!

ಕ್ಲಾಂಪ್ ಬಿಚ್ಚಿದರೆ, ಕಪ್ಲರ್ ಅಂಚು ಒಳಗೆ ಮಡಚಿಕೊಂಡಿತ್ತು. ಎಣ್ಣೆಜಿಡ್ಡು ಒರೆಸಿ, ಅಂಚು ನೇರಮಾಡಿ, ಕ್ಲಾಂಪ್ ಬಿಗಿದೆ. ಸಿಳ್ಳೆ ಪೂರ್ತಿ ಹೋಯಿತು. ಇಂಥ ಸಂದಿಯಿಂದ ಫಿಲ್ಟರ್ ಆಗದ ಧೂಳು ನೇರ ಎಂಜಿನ್‌ಗೆ ಹೋಗುತ್ತದೆ, ಸುಮ್ನೆ ಬಿಡಬೇಡಿ.