ಕೊನೆಯ ಕಂಬದಿಂದ ಲೆಕ್ಕ ಶುರು ಮಾಡಿ: ಉತ್ತರ ಕನ್ನಡದ ಟಿಸಿಗಳಿಗೆ ಫ್ಯೂಸ್ ಆರಿಸುವ ಕ್ರಮ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಟಿಸಿಯಿಂದ (ಟ್ರಾನ್ಸ್‌ಫಾರ್ಮರ್) ಹೊರಟ ಎಲ್‌ಟಿ ಲೈನು (ಮನೆಗಳಿಗೆ ಕರೆಂಟ್ ಒಯ್ಯುವ ಕಡಿಮೆ ವೋಲ್ಟೇಜಿನ ಲೈನು) ಅಡಿಕೆ ತೋಟ, ಬೆಟ್ಟ, ಹಳ್ಳ ದಾಟಿ ಮುಕ್ಕಾಲು ಕಿಲೋಮೀಟರ್ ಆಚೆಯ ಒಂಟಿ ಮನೆಗೆ ಹೋಗಿ ಮುಟ್ಟುವುದು ಸಾಮಾನ್ಯ. ಇಂಥ ಲೈನಿಗೆ ಫ್ಯೂಸ್ ಆರಿಸುವಾಗ ಬಹಳಷ್ಟು ಜನ ಟಿಸಿಯ ನೇಮ್‌ಪ್ಲೇಟ್ ಮಾತ್ರ ನೋಡುತ್ತಾರೆ. 63 ಕೆವಿಎ (ಟಿಸಿಯ ಸಾಮರ್ಥ್ಯದ ಅಳತೆ) ಅಂದರೆ 84 ಆಂಪಿಯರ್, ಹಾಗಾದರೆ 100 ಆಂಪಿಯರ್ ಫ್ಯೂಸ್ ಹಾಕೋಣ ಎನ್ನುತ್ತಾರೆ. ತಪ್ಪು ಶುರುವಾಗುವುದೇ ಇಲ್ಲಿ. ಫ್ಯೂಸ್ ಎಷ್ಟು ಕರೆಂಟ್ ತಡೆದುಕೊಳ್ಳಬೇಕು ಎಂಬುದು ಅರ್ಧ ಪ್ರಶ್ನೆ. ಲೈನಿನ ತುದಿಯಲ್ಲಿ ಶಾರ್ಟ್ ಆದಾಗ ಅದನ್ನು ಕರಗಿಸುವಷ್ಟು ಕರೆಂಟ್ ಬರುತ್ತದೆಯೇ ಎಂಬುದು ಉಳಿದರ್ಧ, ಮತ್ತು ಜೀವ ಉಳಿಸುವ ಅರ್ಧ.

ಮೊದಲೇ ಒಂದು ಮಾತು: ಕಂಬದ ಮೇಲಿನ ಮತ್ತು ಟಿಸಿ ಪೆಟ್ಟಿಗೆಯ ಫ್ಯೂಸನ್ನು ಮುಟ್ಟುವ ಅಧಿಕಾರ ಇಲ್ಲಿನ ವಿದ್ಯುತ್ ಕಂಪನಿ ಹೆಸ್ಕಾಂನ ಸಿಬ್ಬಂದಿಗೆ ಮಾತ್ರ. ಕೆಳಗಿನ ಲೆಕ್ಕ ವಿನ್ಯಾಸ ಮಾಡುವವರಿಗೆ, ಗುತ್ತಿಗೆದಾರರಿಗೆ, ಸ್ವಂತ ಟಿಸಿ ಇರುವ ಐಸ್ ಪ್ಲಾಂಟು, ಮಿಲ್ಲಿನವರಿಗೆ.

ತುದಿಯ ಶಾರ್ಟ್ ಕರೆಂಟ್

ಮೂರು ಅಂಕಿ ಬೇಕು: ಟಿಸಿಯ ಇಂಪೀಡೆನ್ಸ್ (ಕರೆಂಟಿಗೆ ಒಡ್ಡುವ ಒಟ್ಟು ತಡೆ), ತಂತಿಯ ರೆಸಿಸ್ಟೆನ್ಸ್, ಲೈನಿನ ಉದ್ದ. 4.5% ಇಂಪೀಡೆನ್ಸಿನ 63 ಕೆವಿಎ ಟಿಸಿಯನ್ನು 433 ವೋಲ್ಟ್ ಕಡೆಯಿಂದ ನೋಡಿದರೆ ಸುಮಾರು 0.134 ಓಮ್. ಎಲ್‌ಟಿ ಲೈನಿಗೆ ಹಾಕುವ ವೀಸಲ್ ಎಂಬ ಗಾತ್ರದ ಅಲ್ಯುಮಿನಿಯಂ ತಂತಿ ಕಿಲೋಮೀಟರಿಗೆ 0.93 ಓಮ್. ಫೇಸಿನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ಮರಳುವುದರಿಂದ ಉದ್ದವನ್ನು ಎರಡರಿಂದ ಗುಣಿಸಬೇಕು. ಇದನ್ನು ಮರೆತರೆ ಉತ್ತರ ಸುಮಾರು ದುಪ್ಪಟ್ಟು ಬಂದು ಎಲ್ಲವೂ ಸರಿಯಿದೆ ಎಂಬ ಭ್ರಮೆ ಹುಟ್ಟುತ್ತದೆ.

800 ಮೀಟರ್ ಲೈನು ತೆಗೆದುಕೊಳ್ಳಿ. ತಂತಿಯ ರೆಸಿಸ್ಟೆನ್ಸ್ 0.93 × 2 × 0.8, ಅಂದರೆ 1.49 ಓಮ್. ರಿಯಾಕ್ಟೆನ್ಸ್ (ಎಸಿ ಕರೆಂಟಿಗೆ ಮಾತ್ರ ಇರುವ ಇನ್ನೊಂದು ತಡೆ) ಸುಮಾರು 0.53 ಓಮ್. ಟಿಸಿಯದನ್ನೂ ಸೇರಿಸಿದರೆ ಒಟ್ಟು ಇಂಪೀಡೆನ್ಸ್ 1.7 ಓಮ್ ಹತ್ತಿರ ಬರುತ್ತದೆ. 240 ವೋಲ್ಟನ್ನು ಇದರಿಂದ ಭಾಗಿಸಿದರೆ 140 ಆಂಪಿಯರ್ ಆಸುಪಾಸು. ಬೇಸಿಗೆಯಲ್ಲಿ ಲೋಡ್ ಹೊತ್ತ ತಂತಿ 60 ಡಿಗ್ರಿಗೆ ಬಿಸಿಯಾಗಿದ್ದರೆ ರೆಸಿಸ್ಟೆನ್ಸ್ 16% ಏರುತ್ತದೆ, ಕರೆಂಟ್ 125 ಆಂಪಿಯರಿಗೆ ಇಳಿಯುತ್ತದೆ. ವಿನ್ಯಾಸಕ್ಕೆ ಹಿಡಿಯಬೇಕಾದದ್ದು ಈ 125ನ್ನು.

ಈಗ ಆ 100 ಆಂಪಿಯರ್ ಫ್ಯೂಸಿನ ಕತೆ ನೋಡಿ. ಎಚ್‌ಆರ್‌ಸಿ (ಭಾರೀ ಶಾರ್ಟನ್ನೂ ಒಡೆಯದೆ ಕಡಿಯುವ ಮುಚ್ಚಿದ ಫ್ಯೂಸ್) ಪೈಕಿ ಸಾಮಾನ್ಯ ಬಳಕೆಯ ಜಿಜಿ ಫ್ಯೂಸ್‌ಗಳ ಮಾನಕದ ಪ್ರಕಾರ ಈ ಗಾತ್ರದ ಫ್ಯೂಸ್ ತನ್ನ ರೇಟಿಂಗಿನ 1.25 ಪಟ್ಟು ಕರೆಂಟನ್ನು 2 ಗಂಟೆ ಹೊತ್ತು ಕರಗದೆ ಒಯ್ಯಬೇಕು. 100ರ 1.25 ಪಟ್ಟು ಸರಿಯಾಗಿ 125. ಅಂದರೆ ತುದಿಯಲ್ಲಿ ಫೇಸ್ ಮತ್ತು ನ್ಯೂಟ್ರಲ್ ಒಂದಕ್ಕೊಂದು ಅಂಟಿ ಕಿಡಿ ಕಾರುತ್ತಿದ್ದರೂ ಫ್ಯೂಸ್ ತನ್ನ ನಿಯಮ ಪಾಲಿಸಿ ಸುಮ್ಮನೆ ಕೂತಿರುತ್ತದೆ. ಅದು 5 ಸೆಕೆಂಡಿನಲ್ಲಿ ಕರಗಲು ಸುಮಾರು 500 ಆಂಪಿಯರ್ ಬೇಕು. 63ರ ಫ್ಯೂಸಿಗೆ 280, 40ಕ್ಕೆ 170, 32ಕ್ಕೆ 125. ಈ ಲೈನಿನ ತುದಿ ಕಾಯಲು 32ಕ್ಕಿಂತ ದೊಡ್ಡದು ಆಗದು.

ಆದರೆ ಇಡೀ ಫೀಡರಿಗೆ 32 ಹಾಕಿದರೆ ಟಿಸಿ ಹತ್ತಿರದ ಮನೆಗಳ ಲೋಡಿಗೆ ಸಾಲದು. ದಾರಿ ಇದು: ಟಿಸಿಯಲ್ಲಿ 63, ಸುಮಾರು 300 ಮೀಟರಿನ ಕಂಬದಲ್ಲಿ 32ರ ಇನ್ನೊಂದು ಸೆಟ್. ಬಿಸಿ ತಂತಿಯ ಲೆಕ್ಕದಲ್ಲಿ 300 ಮೀಟರಿನಲ್ಲಿ ಸಿಗುವ ಶಾರ್ಟ್ ಕರೆಂಟ್ 300 ಆಂಪಿಯರ್ ಹತ್ತಿರ, 63ಕ್ಕೆ ಬೇಕಾದ 280ಕ್ಕಿಂತ ಮೇಲೆ. ಅಲ್ಲಿಂದಾಚೆ 32 ನೋಡಿಕೊಳ್ಳುತ್ತದೆ. ಹಿಂದಿನ ಫ್ಯೂಸ್ ಮುಂದಿನದರ ಕನಿಷ್ಠ 1.6 ಪಟ್ಟು ಇದ್ದರೆ ತುದಿಯ ತೊಂದರೆಗೆ ಇಡೀ ಊರು ಕತ್ತಲಾಗುವುದಿಲ್ಲ. 63 ಮತ್ತು 32ರ ನಡುವೆ ಆ ಅಂತರ ಧಾರಾಳ ಇದೆ. ನ್ಯೂಟ್ರಲ್‌ಗೆ ಮಾತ್ರ ಎಲ್ಲಿಯೂ ಫ್ಯೂಸ್ ಬೇಡ. ಅದು ಹೋದರೆ ಲೋಡ್ ಕಡಿಮೆ ಇರುವ ಫೇಸಿನ ಮನೆಗಳಿಗೆ 400 ವೋಲ್ಟ್ ಹತ್ತಿರ ನುಗ್ಗಿ ಫ್ರಿಜ್ಜು, ಟಿವಿ ಎಲ್ಲ ಸುಟ್ಟುಹೋಗುತ್ತವೆ.

ಪಂಪುಗಳು ಒಟ್ಟಿಗೆ ಎದ್ದಾಗ

32 ಹಾಕಿದ ಮೇಲೆ ಬರುವ ದೂರು ಒಂದೇ: ಕರೆಂಟ್ ಬಂದ ಕೂಡಲೇ ಫ್ಯೂಸ್ ಹೋಗುತ್ತದೆ. ಕಾರಣ ಕರೆಂಟ್ ಬಂದೊಡನೆ ಪಂಪನ್ನು ತಾನೇ ಶುರು ಮಾಡುವ ಆಟೋ ಸ್ಟಾರ್ಟರ್. 5 ಎಚ್‌ಪಿ ಪಂಪು ಓಡುವಾಗ 7.5 ಆಂಪಿಯರ್ ಎಳೆಯುತ್ತದೆ, ನೇರ ಸ್ಟಾರ್ಟಿನಲ್ಲಿ ಅದರ ಆರು ಪಟ್ಟು, 45. ಒಂದು ಪಂಪಿನ 45 ಆಂಪಿಯರನ್ನು 32ರ ಫ್ಯೂಸ್ ನಿಮಿಷಗಟ್ಟಲೆ ತಾಳಿಕೊಳ್ಳುತ್ತದೆ. ನಾಲ್ಕು ತೋಟದ ಪಂಪು ಒಂದೇ ಕ್ಷಣಕ್ಕೆ ಎದ್ದರೆ 180, ಒಂದೆರಡು ಸೆಕೆಂಡಿನಲ್ಲಿ ಕರಗುತ್ತದೆ. ಆಗ ಫ್ಯೂಸ್ ದಪ್ಪ ಮಾಡಬೇಡಿ. ಪ್ರತಿ ಸ್ಟಾರ್ಟರಿನ ಟೈಮರ್ ಬೇರೆ ಬೇರೆ ಇಡಿ: ಒಂದಕ್ಕೆ 20 ಸೆಕೆಂಡ್, ಮುಂದಿನದಕ್ಕೆ 40, ಆಮೇಲೆ 60, 80. ಖರ್ಚಿಲ್ಲದ ಕೆಲಸ, ಅಕ್ಕಪಕ್ಕದ ತೋಟದವರು ಒಮ್ಮೆ ಮಾತಾಡಿಕೊಂಡರೆ ಆಯಿತು. ಜೊತೆಗೆ ಸಿಂಗಲ್ ಫೇಸಿಂಗ್ ತಡೆಯುವ ರಿಲೇ ಇರಲೇಬೇಕು. ಒಂದು ಫೇಸಿನ ಫ್ಯೂಸ್ ಹೋದಾಗ ಓಡುತ್ತಿದ್ದ ಮೋಟಾರು ಉಳಿದೆರಡರಲ್ಲಿ ಹೆಣಗಿ ವೈಂಡಿಂಗ್ ಸುಟ್ಟುಕೊಳ್ಳುತ್ತದೆ.

ಎಚ್‌ಟಿ ಕಡೆಯ ಫ್ಯೂಸ್

ಎಚ್‌ಟಿ ಅಂದರೆ ಟಿಸಿಗೆ ಹೆಚ್ಚು ವೋಲ್ಟೇಜ್ ಬರುವ 11 ಕೆವಿ (11,000 ವೋಲ್ಟ್) ಕಡೆ. ಅಲ್ಲಿಯ ಕರೆಂಟ್ ಚಿಕ್ಕದು: 25 ಕೆವಿಎಗೆ 1.31, 63ಕ್ಕೆ 3.3, 100ಕ್ಕೆ 5.25 ಆಂಪಿಯರ್. ಹಾಗೆಂದು ಅಷ್ಟಕ್ಕೇ ತಂತಿ ಕಟ್ಟಿದರೆ ಟಿಸಿ ಚಾರ್ಜ್ ಮಾಡಿದಾಗಲೆಲ್ಲ (ಅದಕ್ಕೆ ಕರೆಂಟ್ ಕೊಟ್ಟಾಗಲೆಲ್ಲ) ಹೋಗುತ್ತದೆ. ಚಾರ್ಜ್ ಆಗುವ ಕ್ಷಣದ ನುಗ್ಗು ಕರೆಂಟನ್ನು ಪೂರ್ಣ ಲೋಡಿನ 12 ಪಟ್ಟು, 0.1 ಸೆಕೆಂಡ್ ಎಂದು ಹಿಡಿಯುವುದು ರೂಢಿ. ತಾಮ್ರದ ತಂತಿ ಕರಗಲು ಬೇಕಾದದ್ದು: ಕರೆಂಟಿನ ವರ್ಗ × ಸಮಯ = 80,000 × ತಂತಿಯ ಅಡ್ಡಕೊಯ್ತದ ವರ್ಗ, ಅಡ್ಡಕೊಯ್ತ ಚದರ ಮಿ.ಮೀ.ನಲ್ಲಿ. 100 ಕೆವಿಎಗೆ ನುಗ್ಗು 63 ಆಂಪಿಯರ್, ಅದರ ವರ್ಗ ಗುಣಿಸು 0.1 ಅಂದರೆ 397. ಇದರಿಂದ ಅಡ್ಡಕೊಯ್ತ 0.07 ಚ.ಮಿ.ಮೀ., ವ್ಯಾಸ 0.3 ಮಿ.ಮೀ. ಇದು ಕರಗುವ ಅಂಚು, ಹಾಗಾಗಿ ಒಂದು ಗಾತ್ರ ಮೇಲಿನ 0.35 ಮಿ.ಮೀ. ತೆಗೆದುಕೊಳ್ಳಿ. 25 ಕೆವಿಎಗೆ ಇದೇ ಲೆಕ್ಕದಲ್ಲಿ ಅಂಚು 0.15, ಬಳಸಬೇಕಾದದ್ದು 0.2.

ಎಚ್‌ಟಿ ಫ್ಯೂಸ್ ಎಲ್‌ಟಿ ಲೈನನ್ನೂ ಕಾಯುತ್ತದೆ ಎಂದು ನಂಬಬೇಡಿ. ಮೇಲಿನ 125 ಆಂಪಿಯರ್ 11 ಕೆವಿ ಕಡೆಗೆ ತಲುಪುವಾಗ 25.4ರಿಂದ (11,000 ÷ 433) ಭಾಗವಾಗುತ್ತದೆ. 11 ಕೆವಿ ಕಡೆಯ ಸುರುಳಿ ಡೆಲ್ಟಾ, ಎಲ್‌ಟಿ ಕಡೆಯದು ಸ್ಟಾರ್ ಆಕಾರದಲ್ಲಿ ಜೋಡಿಸಿದ ಡೆಲ್ಟಾ-ಸ್ಟಾರ್ ಟಿಸಿಯಲ್ಲಿ ಒಂದು ಫೇಸಿನ ಶಾರ್ಟ್ ಆದ್ದರಿಂದ ಮತ್ತೆ 0.577 ಪಟ್ಟು. ಉಳಿಯುವುದು 2.8 ಆಂಪಿಯರ್, ಟಿಸಿಯ ಪೂರ್ಣ ಲೋಡಿಗಿಂತಲೂ ಕಡಿಮೆ. ಎಚ್‌ಟಿ ಫ್ಯೂಸಿಗೆ ಅದು ಗೊತ್ತೇ ಆಗುವುದಿಲ್ಲ.

ಕಿಟ್‌ಕ್ಯಾಟ್ ಮತ್ತು ಎಚ್‌ಆರ್‌ಸಿ

100 ಕೆವಿಎ ಟಿಸಿಯ ಬಾಯಲ್ಲೇ ಶಾರ್ಟ್ ಆದರೆ ಸುಮಾರು 3,000 ಆಂಪಿಯರ್ ಬರುತ್ತದೆ. ತಂತಿ ಕಟ್ಟುವ ಪಿಂಗಾಣಿ ಫ್ಯೂಸ್, ಅಂದರೆ ಕಿಟ್‌ಕ್ಯಾಟ್‌ಗಳು ಕಡಿಯಬಲ್ಲ ಶಾರ್ಟ್ ಕರೆಂಟ್ ಹೆಚ್ಚೆಂದರೆ 4,000, ಹಲವಕ್ಕೆ ಅಷ್ಟೂ ಇಲ್ಲ. ಪಿಂಗಾಣಿ ಸಿಡಿಯುವುದು ಇದಕ್ಕೇ. ಎಚ್‌ಆರ್‌ಸಿಯೊಳಗೆ ಬೆಳ್ಳಿ ಅಥವಾ ತಾಮ್ರದ ಪಟ್ಟಿಯ ಸುತ್ತ ಕ್ವಾರ್ಟ್ಜ್ ಮರಳು ತುಂಬಿರುತ್ತದೆ. ಆರ್ಕ್‌ನ ಶಾಖ ಮರಳನ್ನೇ ಗಾಜಾಗಿಸಿ ಕರೆಂಟನ್ನು ಅಡಗಿಸುತ್ತದೆ, 80,000 ಆಂಪಿಯರ್‌ವರೆಗೂ. ಪಟ್ಟಿಯ ಮೇಲಿನ ತವರದ ಚುಕ್ಕೆ 232 ಡಿಗ್ರಿಗೇ ಕರಗಿ ತಾಮ್ರವನ್ನು ತಿನ್ನುವುದರಿಂದ ನಿಧಾನದ ಓವರ್‌ಲೋಡಿಗೂ ಅದು ಸ್ಪಂದಿಸುತ್ತದೆ. ಟಿಸಿ ಪೆಟ್ಟಿಗೆಗೆ ಎಚ್‌ಆರ್‌ಸಿಯೇ ಇರಲಿ. ಮೂರು ಫೇಸಿನ ಶಾರ್ಟ್‌ನಲ್ಲಿ ಒಂದೇ ಹೋಗಿದ್ದರೂ ಮೂರನ್ನೂ ಬದಲಿಸಿ, ಉಳಿದೆರಡು ಒಳಗೆ ಅರ್ಧ ಬೆಂದಿರುತ್ತವೆ.

ಮನೆಯಲ್ಲಿ ಕಿಟ್‌ಕ್ಯಾಟ್ ಇದ್ದರೆ ತವರ ಲೇಪಿತ ತಾಮ್ರದ ಫ್ಯೂಸ್ ತಂತಿ ಮಾತ್ರ: 5 ಆಂಪಿಯರಿಗೆ 0.2 ಮಿ.ಮೀ., 10ಕ್ಕೆ 0.35, 15ಕ್ಕೆ 0.5, 20ಕ್ಕೆ 0.6, 30ಕ್ಕೆ 0.85. ಕರಗುವ ಕರೆಂಟ್ ಇದರ ದುಪ್ಪಟ್ಟು ಹತ್ತಿರ: ವ್ಯಾಸದ ಒಂದೂವರೆ ಘಾತವನ್ನು 80ರಿಂದ ಗುಣಿಸಿ, 0.5 ಮಿ.ಮೀ.ಗೆ 28 ಆಂಪಿಯರ್ ಬರುತ್ತದೆ. ಆದ್ದರಿಂದ ಕೇಬಲ್ಲಿನ ಸಾಮರ್ಥ್ಯ ಫ್ಯೂಸ್ ರೇಟಿಂಗನ್ನು 0.725ರಿಂದ ಭಾಗಿಸಿದಷ್ಟಾದರೂ ಇರಬೇಕು. 15ರ ಫ್ಯೂಸಿಗೆ ಅದು 20.7, ಪೈಪಿನೊಳಗಿನ 1.5 ಚ.ಮಿ.ಮೀ. ವೈರಿಗೆ ಆಗದು, 2.5 ಬೇಕು.

ಕಾರವಾರದಿಂದ ಭಟ್ಕಳದವರೆಗೆ ಉಪ್ಪು

ಕರಾವಳಿಯಲ್ಲಿ ಫ್ಯೂಸ್ ಲೋಡಿನಿಂದ ಹೋಗುವುದಕ್ಕಿಂತ ಕಾಂಟ್ಯಾಕ್ಟ್ ಹಾಳಾಗಿ ಹೋಗುವುದೇ ಹೆಚ್ಚು. ಉಪ್ಪಿನ ತೇವ ಸೇರಿ ಹಿಡಿ ಸಡಿಲವಾಗುತ್ತದೆ, ಅಲ್ಲಿ ಬಿಸಿ ಏಳುತ್ತದೆ, ತಂತಿ ಕರಗುತ್ತದೆ. ಯಾರೋ ಬಂದು ದಪ್ಪ ತಂತಿ ಕಟ್ಟುತ್ತಾರೆ, ಮುಂದಿನ ಸಲ ಪೆಟ್ಟಿಗೆಯೇ ಉರಿಯುತ್ತದೆ. ಕರಗಿದ ತಂತಿಯನ್ನು ಎಸೆಯುವ ಮೊದಲು ನೋಡಿ. ನಡುವೆ ತುಂಡಾಗಿ ತುದಿ ಗುಂಡಗಿದ್ದರೆ ಓವರ್‌ಲೋಡ್. ತಂತಿಯೇ ಮಾಯವಾಗಿ ಪಿಂಗಾಣಿಗೆ ಕಪ್ಪು, ತಾಮ್ರದ ಹನಿ ಮೆತ್ತಿದ್ದರೆ ಶಾರ್ಟ್. ಸ್ಕ್ರೂ ಬಳಿ ಕರಗಿದ್ದರೆ ಸಡಿಲ ಕಾಂಟ್ಯಾಕ್ಟ್, ತಂತಿ ಬದಲಿಸಿ ಪ್ರಯೋಜನವಿಲ್ಲ.

ತಗಡಿನ ಪೆಟ್ಟಿಗೆಯ ಬದಲು ಫೈಬರ್ ಮಾದರಿಯ ಎಸ್‌ಎಂಸಿ ಪೆಟ್ಟಿಗೆ ಇಡಿ, ಕೇಬಲ್ ಕೆಳಗಿನಿಂದಲೇ ಬರಲಿ, ತೂತುಗಳಿಗೆ ಗ್ಲ್ಯಾಂಡ್ ಹಾಕಿ. ಅಲ್ಯುಮಿನಿಯಂ ಕೇಬಲ್ ತಾಮ್ರದ ಟರ್ಮಿನಲ್ ಸೇರುವಲ್ಲಿ ಬೈಮೆಟಲ್ ಲಗ್ (ಎರಡೂ ಲೋಹ ಸೇರಿಸಿ ಮಾಡಿದ ಜೋಡಣೆ ತುಂಡು) ಮತ್ತು ಕಾಂಟ್ಯಾಕ್ಟ್ ಗ್ರೀಸ್ ಕಡ್ಡಾಯ. ಡ್ರಾಪ್‌ಔಟ್ ಫ್ಯೂಸಿನ (ಕರಗಿದಾಗ ಕೊಳವೆ ಕೆಳಗೆ ಬೀಳುವ ಎಚ್‌ಟಿ ಫ್ಯೂಸ್) ಕೀಲನ್ನು ಮೇ ತಿಂಗಳಲ್ಲೇ ತೆಗೆದು ತೊಳೆದು ಆಡಿಸಿ ನೋಡಿ. ತುಕ್ಕು ಹಿಡಿದ ಕೀಲಿನಲ್ಲಿ ಲಿಂಕ್ ಕರಗಿದರೂ ಕೊಳವೆ ಕೆಳಗೆ ಬೀಳದೆ ನೇತಾಡಿ, ಮಳೆಯಲ್ಲಿ ಅದರ ಮೈಮೇಲೆ ಕರೆಂಟ್ ಹರಿದು ಸುಟ್ಟುಹೋಗುತ್ತದೆ.

ಯಾವ ಫ್ಯೂಸೂ ಕಾಯದ ಒಂದು ಸ್ಥಿತಿ ಇದೆ: ಕೊಂಬೆ ಬಿದ್ದು ತುಂಡಾದ ತಂತಿ ಚಿರೇಕಲ್ಲಿನ ನೆಲದ ಮೇಲೆ ಬಿದ್ದಾಗ. ನೆಲದ ರೆಸಿಸ್ಟೆನ್ಸ್ 50 ಓಮ್ ಇದ್ದರೂ ಹರಿಯುವುದು 5 ಆಂಪಿಯರ್‌ಗಿಂತ ಕಡಿಮೆ. ಮೇಲಿನ ಯಾವ ಲೆಕ್ಕವೂ ಇದಕ್ಕೆ ಉತ್ತರವಲ್ಲ. ತೋಟ ದಾಟುವ ಭಾಗಕ್ಕೆ ಇನ್ಸುಲೇಟೆಡ್ ಏರಿಯಲ್ ಕೇಬಲ್, ಬರಿ ತಂತಿಯಾದರೆ ಸ್ಪೇಸರ್, ಮಳೆಗೆ ಮುಂಚೆ ಕೊಂಬೆ ಸವರುವಿಕೆ, ಮನೆಯೊಳಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ನೆಲಕ್ಕೆ ಕರೆಂಟ್ ಸೋರಿದರೆ ಕಡಿಯುವ ಸ್ವಿಚ್) ಬೇಕು. ಬಿದ್ದ ತಂತಿ ಸತ್ತಂತೆ ಕಂಡರೂ ಲೈನ್‌ಮನ್ ಬಂದು ಟಿಸಿ ಆಫ್ ಮಾಡಿ ಪರೀಕ್ಷಿಸುವವರೆಗೆ ದನಕರುಗಳನ್ನೂ ಮಕ್ಕಳನ್ನೂ ದೂರ ಇಡಿ.