ಅಮ್ಮನ ಗ್ರೀನ್ ಕಾರ್ಡಿಗೆ ವಕೀಲರು ಬೇಡ ಎಂದೆವು, ನಮ್ಮದಕ್ಕೆ ಬೇಕು ಎಂದೆವು

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ಎರಡು ಕೇಸುಗಳು ಹೆಚ್ಚುಕಡಿಮೆ ಒಟ್ಟಿಗೆ ನಡೆದವು. ಅಕ್ಕ ಇರುವುದು ನ್ಯೂಜೆರ್ಸಿಯಲ್ಲಿ, ಅಮೆರಿಕದ ಪೌರತ್ವ ಸಿಕ್ಕಿ ಬಹಳ ಕಾಲವಾಯಿತು. ಅಪ್ಪ ಹೋದ ಮೇಲೆ ಅಮ್ಮನನ್ನು ತನ್ನ ಹತ್ತಿರ ಕರೆಸಿಕೊಳ್ಳಲು ಅವಳು ಅರ್ಜಿ ಹಾಕಿದಳು. ಅದು ಒಂದು. 2006ರಲ್ಲಿ ಅವಳೇ ನನಗಾಗಿ ಹಾಕಿಟ್ಟಿದ್ದ ಅರ್ಜಿ ಇನ್ನೊಂದು. ಅಮ್ಮನ ಕೇಸಿಗೆ ವಕೀಲರನ್ನು ಇಟ್ಟುಕೊಳ್ಳಲಿಲ್ಲ. ನಮ್ಮದಕ್ಕೆ ದುಡ್ಡು ಕೊಟ್ಟು ಸಲಹೆ ತೆಗೆದುಕೊಂಡೆವು. ನೆಂಟರಲ್ಲಿ, ಕನ್ನಡ ಸಂಘದ ಸ್ನೇಹಿತರಲ್ಲಿ ಇದೇ ಪ್ರಶ್ನೆ ಇಟ್ಟುಕೊಂಡವರು ಬಹಳ ಜನ ಇದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಕೇಳಿಕೊಂಡದ್ದು ಒಂದೇ ಮಾತು: ನಮ್ಮ ತೊಡಕು ಕಾಗದದ್ದಾ, ಕಾನೂನಿನದ್ದಾ? ಕಾಗದದ್ದಾದರೆ ತಾಳ್ಮೆ ಇರುವ ಯಾರು ಬೇಕಾದರೂ ಮಾಡಬಹುದು. ಕಾನೂನಿನದ್ದಾದರೆ ಸುಮ್ನೆ ಧೈರ್ಯ ಮಾಡಬಾರದು.

ಅಮ್ಮನ ಕೇಸಿನಲ್ಲಿ ಕಾನೂನು ಸರಳ. 21 ವರ್ಷ ದಾಟಿದ ಅಮೆರಿಕದ ಪ್ರಜೆ ತನ್ನ ತಂದೆ ತಾಯಿಗೆ ಅರ್ಜಿ ಹಾಕಬಹುದು. ಆ ವರ್ಗಕ್ಕೆ ವರ್ಷಕ್ಕೆ ಇಷ್ಟೇ ವೀಸಾ ಎಂಬ ಮಿತಿ ಇಲ್ಲ. ಅಮ್ಮ ಎಂದೂ ವೀಸಾ ಅವಧಿ ಮೀರಿ ಅಲ್ಲಿ ಉಳಿದವರಲ್ಲ, ಹಿಂದಿನ ಯಾವ ಫಾರ್ಮಿನಲ್ಲೂ ತಪ್ಪು ಹೇಳಿದವರಲ್ಲ. ಅಕ್ಕನ ಸಂಬಳವೂ ಸಾಕಷ್ಟಿತ್ತು. ಕರೆಸಿಕೊಳ್ಳುವವರ ಆದಾಯ ಅಲ್ಲಿನ ಬಡತನ ರೇಖೆಯ 125 ಶೇಕಡಾ ಇರಬೇಕು ಎಂಬುದು ಐ-864 ಫಾರ್ಮಿನ, ಅಂದರೆ ಬರುವವರ ಖರ್ಚಿನ ಹೊಣೆ ಹೊರುತ್ತೇವೆ ಎಂದು ಬರೆದುಕೊಡುವ ಪತ್ರದ, ನಿಯಮ. ಸಾಲದಿದ್ದರೆ ಇನ್ನೊಬ್ಬರು ಜಂಟಿಯಾಗಿ ಜವಾಬ್ದಾರಿ ಹೊರಬಹುದು, ನಮಗೆ ಅದೂ ಬೇಕಾಗಲಿಲ್ಲ.

ಖರ್ಚಿನ ಲೆಕ್ಕವೂ ಹಾಕಿದೆವು. ನೆಂಟರನ್ನು ಕರೆಸಿಕೊಳ್ಳುವ ಮೊದಲ ಅರ್ಜಿಯಾದ ಐ-130 ಅನ್ನು ಆನ್‌ಲೈನ್ ಹಾಕಲು 625 ಡಾಲರ್, ವೀಸಾ ಅರ್ಜಿಗೆ 325, ಐ-864 ಪರಿಶೀಲನೆಗೆ 120, ಕೊನೆಗೆ ಗ್ರೀನ್ ಕಾರ್ಡ್ ತಯಾರಿಸುವ ಫೀಸು 235. ಇದು ಸರ್ಕಾರಕ್ಕೆ ಹೇಗೂ ಕಟ್ಟಬೇಕಾದದ್ದು. ಅಕ್ಕ ವಿಚಾರಿಸಿದ ವಕೀಲರ ಫೀಸು ಇದೆಲ್ಲ ಸೇರಿದ್ದಕ್ಕಿಂತ ಜಾಸ್ತಿ ಇತ್ತು. ಅವರು ಮಾಡುವ ಕೆಲಸವೇನು ಎಂದು ಕೇಳಿದರೆ ಫಾರ್ಮು ತುಂಬುವುದು, ಕಾಗದ ಜೋಡಿಸುವುದು. ಊರಿಗೆ ಹೋಗಿ ಕಾಗದ ತರುವುದು ಮಾತ್ರ ಆಗಲೂ ನಮ್ಮ ತಲೆಗೇ.

ನಿಜವಾದ ಕಷ್ಟ ಇದ್ದದ್ದು ಅಲ್ಲಿಯೇ. ಅಮ್ಮ ಹುಟ್ಟಿದ್ದು ಕುಂದಾಪುರದ ಕಡೆ, ಮನೆಯಲ್ಲೇ. ಜನನ ಮರಣ ನೋಂದಣಿಯ ಕಾಯ್ದೆ ಬಂದದ್ದೇ 1969ರಲ್ಲಿ. ಅದಕ್ಕೂ ಮೊದಲು ಹಳ್ಳಿಗಳಲ್ಲಿ ಎಷ್ಟೋ ಜನನಗಳು ಬರಹಕ್ಕೇ ಬಂದಿಲ್ಲ. ಹಾಗಾಗಿ ಜನನ ದಾಖಲೆ ಇಲ್ಲ ಎಂಬ ಪತ್ರ ತಾಲೂಕು ಕಚೇರಿಯಿಂದ ತರಬೇಕಾಯಿತು. ಅದರ ಜೊತೆಗೆ ಅಮ್ಮ ಓದಿದ ಶಾಲೆಯ ದಾಖಲೆ, ಮತ್ತೆ ಅಮ್ಮನ ಹುಟ್ಟು ಗೊತ್ತಿದ್ದ ಇಬ್ಬರು ಹಿರಿಯರ ಅಫಿಡವಿಟ್. ಹಿರಿಯರು ಸಿಕ್ಕಿದ್ದು ನಮ್ಮ ಅದೃಷ್ಟ. ನಿಮ್ಮ ಮನೆಯಲ್ಲೂ ಮುಂದೆ ಇಂಥ ಅರ್ಜಿ ಆಗುವುದಿದ್ದರೆ ಈ ಒಂದು ಕೆಲಸ ಮೊದಲೇ ಮಾಡಿಸಿಡಿ. ಹಿರಿಯರು ಇರುವಾಗಲೇ.

ಹೆಸರಿನ ಗೊಂದಲ ಇನ್ನೊಂದು. ಶಾಲೆಯ ಪುಸ್ತಕದಲ್ಲಿ ಅಮ್ಮ ‘ಪದ್ಮಾವತಿ’, ಹಿಂದೆ ಒಂದು ಇನಿಶಿಯಲ್. ಅಕ್ಕ ಹುಟ್ಟಿದಾಗ ಮುಂಬೈ ಮಹಾನಗರ ಪಾಲಿಕೆ ಕೊಟ್ಟ ಪತ್ರದಲ್ಲಿ ಬರೀ ‘ಪದ್ಮಾ’. ಪಾಸ್‌ಪೋರ್ಟಿನಲ್ಲಿ ಮಹಾರಾಷ್ಟ್ರದ ಪದ್ಧತಿಯಂತೆ ನಡುವೆ ಅಪ್ಪನ ಹೆಸರು, ಕೊನೆಗೆ ಮನೆತನದ ಹೆಸರು. ನಮಗೆ ಮೂವರೂ ಒಬ್ಬರೇ. ಕಾಗದ ನೋಡುವ ಅಧಿಕಾರಿಗೆ ಮೂರು ಹೆಂಗಸರು. ಕರ್ನಾಟಕದಿಂದ ಇಲ್ಲಿಗೆ ಬಂದು ನೆಲೆಸಿದ ಮನೆಗಳಲ್ಲಿ ಇದು ತೀರಾ ಸಾಮಾನ್ಯ. ಈ ಮೂರೂ ಹೆಸರು ಒಬ್ಬರದ್ದೇ ಎಂದು ಅಮ್ಮನಿಂದ ನೋಟರಿ ಅಫಿಡವಿಟ್ ಮಾಡಿಸಿದೆವು. ಮದುವೆಯ ದಾಖಲೆ, ಅಪ್ಪನ ಮರಣ ಪತ್ರ ಜೊತೆಗಿಟ್ಟೆವು. ಕನ್ನಡದ ಶಾಲಾ ದಾಖಲೆಯನ್ನು ಎರಡೂ ಭಾಷೆ ಚೆನ್ನಾಗಿ ಬಲ್ಲ ಸ್ನೇಹಿತರೊಬ್ಬರು ಇಂಗ್ಲಿಷಿಗೆ ಅನುವಾದ ಮಾಡಿಕೊಟ್ಟರು. ಅನುವಾದ ಪೂರ್ತಿಯಾಗಿದೆ, ಸರಿಯಾಗಿದೆ, ತನಗೆ ಎರಡೂ ಭಾಷೆ ಬರುತ್ತದೆ ಎಂದು ಬರೆದು ಸಹಿ ಹಾಕಿದರು. ಅಷ್ಟು ಸಾಕಾಯಿತು. ಮುಂದೆ ಪಾಸ್‌ಪೋರ್ಟ್ ಸೇವಾ ಕೇಂದ್ರದಿಂದ ಪೊಲೀಸ್ ಕ್ಲಿಯರೆನ್ಸ್, ವೈದ್ಯಕೀಯ ತಪಾಸಣೆ, ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ದೂತಾವಾಸದಲ್ಲಿ ಸಂದರ್ಶನ. ಅರ್ಜಿ ಹಾಕಿದವರು ಯಾರು, ಮಕ್ಕಳೆಷ್ಟು, ಎಲ್ಲೆಲ್ಲಿದ್ದಾರೆ ಎಂದು ಕೇಳಿದರಂತೆ. ಅಮ್ಮ ಹಿಂದಿಯಲ್ಲೇ ಉತ್ತರ ಕೊಟ್ಟು ಬಂದರು.

ಇದರ ನಡುವೆ ಒಬ್ಬ ಏಜೆಂಟ್ ಸಿಕ್ಕಿದ್ದ. ಕಚೇರಿ ಚೆನ್ನಾಗಿತ್ತು, ಮಾತು ಇನ್ನೂ ಚೆನ್ನಾಗಿತ್ತು. ‘ನಮಗೆ ಒಳಗೆ ಪರಿಚಯ ಇದೆ, ಬೇಗ ಮಾಡಿಸಿಕೊಡ್ತೇವೆ’ ಎಂದ. ಈ ಮಾತು ಕೇಳಿದ ಕೂಡಲೇ ಎದ್ದು ಬರಬೇಕು ಎಂದು ನನ್ನ ಖಚಿತ ಅಭಿಪ್ರಾಯ. ಕಾನೂನಿನ ಸಲಹೆ ಕೊಡಲು ಅಮೆರಿಕದ ಯಾವುದಾದರೂ ರಾಜ್ಯದಲ್ಲಿ ಲೈಸೆನ್ಸ್ ಇರುವ ವಕೀಲರಾಗಿರಬೇಕು, ಇಲ್ಲವೇ ಅಲ್ಲಿನ ನ್ಯಾಯ ಇಲಾಖೆಯ ಮಾನ್ಯತೆ ಪಡೆದ ಪ್ರತಿನಿಧಿ ಆಗಿರಬೇಕು. ವಕೀಲರ ಹೆಸರನ್ನು ಆ ರಾಜ್ಯದ ಬಾರ್‌ನ, ಅಂದರೆ ವಕೀಲರ ಸಂಸ್ಥೆಯ, ಪಟ್ಟಿಯಲ್ಲಿ ಯಾರು ಬೇಕಾದರೂ ಹುಡುಕಿ ನೋಡಬಹುದು. ನಿಮ್ಮ ಕೇಸು ಹಿಡಿದವರು ಜಿ-28 ಎಂಬ ಫಾರ್ಮಿನಲ್ಲಿ ತಮ್ಮ ಹೆಸರು ಬರೆದು ಸಹಿ ಹಾಕುತ್ತಾರೆ. ಅದಕ್ಕೆ ಒಪ್ಪದವರ ಕೈಗೆ ಅಮ್ಮನ ಪಾಸ್‌ಪೋರ್ಟ್ ಕೊಡುವುದುಂಟೇ?

ಇನ್ನು ನಮ್ಮ ಕೇಸು. ಒಡಹುಟ್ಟಿದವರ ವರ್ಗಕ್ಕೆ ಇಡೀ ಪ್ರಪಂಚಕ್ಕೆ ಸೇರಿ ವರ್ಷಕ್ಕೆ 65,000 ವೀಸಾ. ಅದರ ಮೇಲೆ ಒಂದೊಂದು ದೇಶಕ್ಕೆ 7 ಶೇಕಡಾ ಮಿತಿ. ಅದಕ್ಕೇ 2006ರ ಅರ್ಜಿಗಳ ಸರದಿ ಬರಲು ಹತ್ತೊಂಬತ್ತು ವರ್ಷದ ಹತ್ತಿರ ಹಿಡಿಯಿತು. ಅರ್ಜಿ ಹಾಕಿದಾಗ ಮಗಳು ಅಂಗನವಾಡಿಯ ವಯಸ್ಸಿನವಳು. ಈಗ ಅವಳಿಗೆ 24. ಅಪ್ಪ ಅಮ್ಮನ ಜೊತೆ ವೀಸಾ ಸಿಗಬೇಕಾದರೆ 21ರ ಒಳಗಿರಬೇಕು. ಹಾಗಾದರೆ ಅವಳು ಹೊರಗೇ ಉಳಿದಳಾ?

ಇದು ಕಾಗದದ ಪ್ರಶ್ನೆ ಅಲ್ಲ. 2002ರ ಮಕ್ಕಳ ವಯಸ್ಸಿನ ರಕ್ಷಣೆಯ ಕಾನೂನಿನ ಪ್ರಕಾರ, ವೀಸಾ ಸರದಿ ಬಂದಾಗಿನ ವಯಸ್ಸಿನಿಂದ ಐ-130 ಅರ್ಜಿ ತೀರ್ಮಾನವಾಗದೆ ಬಿದ್ದಿದ್ದ ಕಾಲವನ್ನು ಕಳೆಯುತ್ತಾರೆ. ನಮ್ಮದು ಮಂಜೂರಾಗಲು ನಾಲ್ಕು ವರ್ಷದ ಮೇಲೆ ಹಿಡಿದಿತ್ತು. ಆಗ ನಿಧಾನ ಎಂದು ಬೈದುಕೊಂಡ ಆ ವರ್ಷಗಳೇ ಈಗ ಮಗಳನ್ನು ಉಳಿಸಿದವು. ಆದರೆ ಅಂಚಿನಲ್ಲಿ. ಸರದಿ ಬಂದ ದಿನ ಯಾವುದು ಎಂದು ಹಿಡಿಯುವುದರಲ್ಲಿ ಹೆಚ್ಚುಕಡಿಮೆಯಾದರೆ ಲೆಕ್ಕ 21 ದಾಟುತ್ತಿತ್ತು. ಇಂಥ ಕಡೆ ನಾವೇ ಕೂಡಿ ಕಳೆದು ಸಮಾಧಾನ ಪಟ್ಟುಕೊಳ್ಳುವುದು ಸರಿಯಲ್ಲ ಅನ್ನಿಸಿತು. ಇಡೀ ಕೇಸು ಕೊಡದೆ ಒಂದು ಗಂಟೆಯ ಸಲಹೆಗೆ ಮಾತ್ರ ವಕೀಲರಿಗೆ ಫೀಸು ಕೊಟ್ಟೆವು. ವಲಸೆ ಕಾನೂನು ಇಡೀ ದೇಶಕ್ಕೆ ಒಂದೇ ಆದ್ದರಿಂದ ವಕೀಲರು ಯಾವ ರಾಜ್ಯದಲ್ಲಿದ್ದರೂ ನಡೆಯುತ್ತದೆ. ದಾಖಲೆಗಳನ್ನೂ ಪ್ರಶ್ನೆಗಳನ್ನೂ ಮೊದಲೇ ಕಳಿಸಿದ್ದೆವು, ಹಾಗಾಗಿ ಆ ಗಂಟೆ ಕಥೆ ಹೇಳುವುದರಲ್ಲಿ ಹೋಗಲಿಲ್ಲ.

ಅವರು ತಾರೀಖು ಹಿಡಿದು ಲೆಕ್ಕ ಬಿಡಿಸಿ ಬರೆದುಕೊಟ್ಟರು. ಸರದಿ ಬಂದ ಒಂದು ವರ್ಷದೊಳಗೆ ಮಗಳ ವೀಸಾ ಅರ್ಜಿಯಾದ ಡಿಎಸ್-260 ಫಾರ್ಮು ಸಲ್ಲಿಸದಿದ್ದರೆ ಈ ರಕ್ಷಣೆಯೇ ಕೈತಪ್ಪಬಹುದು ಎಂದರು. ಆಮೇಲೆ ಕೇಳಿದ ಪ್ರಶ್ನೆ ನಾವು ನೆನೆಸಿರದ್ದು: ‘ಮಗಳ ಮದುವೆ ಏನಾದರೂ ನಿಶ್ಚಯ ಆಗಿದೆಯಾ?’ ಆಗ ನಾವು ಸಂಬಂಧ ನೋಡುತ್ತಿದ್ದೆವು, ಒಂದು ಕಡೆ ಮಾತುಕತೆ ಮುಂದೂ ಹೋಗಿತ್ತು. ವೀಸಾ ಮೇಲೆ ಅಮೆರಿಕಕ್ಕೆ ಕಾಲಿಡುವ ಮೊದಲು ಮದುವೆಯಾದರೆ ಅವಳ ಹಕ್ಕು ಅಲ್ಲಿಗೇ ಮುಗಿಯುತ್ತದೆ. ವಯಸ್ಸಿನ ಲೆಕ್ಕ ಎಷ್ಟೇ ಸರಿ ಇರಲಿ, ಪ್ರಯೋಜನವಿಲ್ಲ. ಏಜೆಂಟ್ ಇದನ್ನು ಹೇಳಿರಲಿಲ್ಲ, ಫಾರ್ಮು ತುಂಬುವುದರಲ್ಲಿ ನಮಗೂ ಹೊಳೆಯುತ್ತಿರಲಿಲ್ಲ. ಆ ಒಂದು ಪ್ರಶ್ನೆಗೇ ಕೊಟ್ಟ ಫೀಸು ಸಾರ್ಥಕ.

ಹಳೆಯ ವೀಸಾ ಅರ್ಜಿಯಲ್ಲಿ ಅಲ್ಲಿ ನೆಂಟರಿಲ್ಲ ಎಂದು ಬರೆದಿದ್ದರೆ, ಅವಧಿ ಮೀರಿ ಆರು ತಿಂಗಳಿಗಿಂತ ಹೆಚ್ಚು ಉಳಿದಿದ್ದರೆ, ಪೊಲೀಸ್ ಕೇಸು ಇದ್ದರೆ, ದತ್ತು ಅಥವಾ ಎರಡನೇ ಮದುವೆಯ ವಿಷಯ ಇದ್ದರೆ ನೀವೂ ಮೊದಲು ವಕೀಲರನ್ನು ಕೇಳಿ. ಅರ್ಜಿ ಹಾಕಿದ ಮೇಲಲ್ಲ, ಹಾಕುವ ಮೊದಲು.

ಮಗಳ ಡಿಎಸ್-260 ಸಲ್ಲಿಕೆಯಾಗಿದೆ. ಅದರ ರಸೀದಿ, ವಕೀಲರು ಬರೆದುಕೊಟ್ಟ ಲೆಕ್ಕ ಎರಡನ್ನೂ ಒಂದೇ ಫೈಲಿನಲ್ಲಿ ಇಟ್ಟಿದ್ದೇವೆ. ವಯಸ್ಸಿನ ಬಗ್ಗೆ ಯಾರಾದರೂ ತಕರಾರು ತೆಗೆದರೆ ಮಾತ್ರ ಪೂರ್ತಿ ಕೇಸನ್ನು ಅದೇ ವಕೀಲರಿಗೆ ಒಪ್ಪಿಸುವುದು ಎಂದು ಅಕ್ಕನೂ ನಾನೂ ಮಾತಾಡಿಕೊಂಡಿದ್ದೇವೆ. ಹುಡುಗನ ಮನೆಯವರಿಗೂ ಎಲ್ಲ ಬಿಡಿಸಿ ಹೇಳಿದೆವು. ಕಾಯುತ್ತೇವೆ ಎಂದಿದ್ದಾರೆ.