ಓಎಸ್‌ಟಿ ಫೈಲನ್ನು ಡಿ ಡ್ರೈವಿಗೆ ಸಾಗಿಸಿದ ನನ್ನ ಅನುಭವ

ಸಿ ಡ್ರೈವಿನಲ್ಲಿ ಮೂರು ಜಿಬಿ ಜಾಗವೂ ಉಳಿಯದೆ ವಿಂಡೋಸ್ ಅಪ್‌ಡೇಟ್ ಎರಡು ಬಾರಿ ಅರ್ಧಕ್ಕೇ ನಿಂತಾಗ ಲೆಕ್ಕ ಹಾಕಿ ನೋಡಿದೆ. ಸಿ ಡ್ರೈವಿರುವ 128 ಜಿಬಿಯ ಎಸ್‌ಎಸ್‌ಡಿಯಲ್ಲಿ (ವೇಗದ ಡಿಸ್ಕ್) ಮೇಲ್ ತಂತ್ರಾಂಶ ಔಟ್‌ಲುಕ್‌ನ ಫೈಲುಗಳೇ ಸುಮಾರು 40 ಜಿಬಿ ನುಂಗಿದ್ದವು. ಹಳೆಯ ಮೇಲ್‌ಗಳನ್ನು ಕಂಪ್ಯೂಟರಿನಲ್ಲೇ ಕೂಡಿಡುವ ಎರಡು ಪಿಎಸ್‌ಟಿ ಫೈಲು ಸೇರಿ 17 ಜಿಬಿ ಆಸುಪಾಸು, ಸರ್ವರಿನಲ್ಲಿರುವ ಮೇಲ್‌ಗಳ ಪ್ರತಿಯನ್ನು ಕಂಪ್ಯೂಟರಿನಲ್ಲಿ ಇಡುವ ಕಚೇರಿ ಖಾತೆಯ ಓಎಸ್‌ಟಿ ಫೈಲು ಒಂದೇ 23 ಜಿಬಿ. ಅದೇ ಕಂಪ್ಯೂಟರಿನ ಒಂದು ಟಿಬಿ ಹಾರ್ಡ್ ಡಿಸ್ಕಿನಲ್ಲಿ (ಡಿ ಡ್ರೈವ್) ಮುಕ್ಕಾಲು ಪಾಲು ಖಾಲಿ ಇತ್ತು. ಹೊಸದಾಗಿ ಡೌನ್‌ಲೋಡ್ ಮಾಡಿಕೊಳ್ಳದೆ ಓಎಸ್‌ಟಿಯನ್ನು ಸ್ಥಳಾಂತರಿಸಲು ಆಗುವುದೇ ಇಲ್ಲ, ದೊಡ್ಡ ಎಸ್‌ಎಸ್‌ಡಿ ಕೊಂಡು ಹಳೆಯದನ್ನು ಇಡಿಯಾಗಿ ಅದಕ್ಕೆ ಕ್ಲೋನ್ (ನಕಲು) ಮಾಡಿಕೊಳ್ಳಿ ಎಂದು ಸಹೋದ್ಯೋಗಿಗಳು ಹೇಳಿದರು. ಹೊಸ ಡಿಸ್ಕಿಗೆ ಬಿಡಿಗಾಸೂ ಖರ್ಚು ಮಾಡದೆ ಅದು ಆಯಿತು ಎಂಬುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಪಿಎಸ್‌ಟಿಯದು ದೊಡ್ಡ ಕಥೆಯಲ್ಲ. ಔಟ್‌ಲುಕ್ ಮುಚ್ಚಿ, ಫೈಲುಗಳನ್ನು ಡಿ ಡ್ರೈವಿಗೆ ಸಾಗಿಸಿ ಮತ್ತೆ ತೆರೆದಾಗ ಫೈಲು ಸಿಗುತ್ತಿಲ್ಲ ಎಂಬ ಸಂದೇಶ ಬಂತು. ಹೊಸ ಜಾಗ ತೋರಿಸಿದೆ, ಮುಗಿಯಿತು. ಬ್ಯಾಕಪ್ ತೆಗೆಯುವಾಗ ಮಾತ್ರ ಎಡವಿದೆ. ನನ್ನ ಪೋರ್ಟಬಲ್ ಡಿಸ್ಕ್ ಫ್ಯಾಟ್32 ಎಂಬ ಹಳೆಯ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿದ್ದು, 4 ಜಿಬಿ ಮೀರಿದ ಫೈಲನ್ನು ಅದು ಒಪ್ಪುವುದಿಲ್ಲ ಎಂಬುದು ಗೊತ್ತಿದ್ದೂ ಅರ್ಧ ಗಂಟೆ ಕೇಬಲ್ಲನ್ನೇ ದೂರುತ್ತಾ ಕುಳಿತಿದ್ದೆ.

ಓಎಸ್‌ಟಿ ಮಾತ್ರ ಸತಾಯಿಸಿತು. ಮೊದಲ ಸಲ ಪಿಎಸ್‌ಟಿಯಂತೆಯೇ ಸಾಗಿಸಿದೆ. ಔಟ್‌ಲುಕ್ ಏನನ್ನೂ ಕೇಳದೆ ಹಳೆಯ ಜಾಗದಲ್ಲೇ ಹೊಸ ಓಎಸ್‌ಟಿ ಸೃಷ್ಟಿಸಿಕೊಂಡು ಎಲ್ಲವನ್ನೂ ಸರ್ವರಿನಿಂದ ಮತ್ತೆ ಇಳಿಸತೊಡಗಿತು, ನಾನು ಗಮನಿಸುವಷ್ಟರಲ್ಲಿ ಆ ತಿಂಗಳ ಡೇಟಾ ಬಹುಪಾಲು ಖಾಲಿಯಾಗಿತ್ತು. ಅನಂತರ ಓಎಸ್‌ಟಿ ಸಾಗಿಸುತ್ತದೆಂದು ಹೇಳಿಕೊಳ್ಳುವ ಒಂದು ತಂತ್ರಾಂಶಕ್ಕೆ ಹಣ ತೆತ್ತೆ. ಅದು ಮಾಡಿದ್ದು ಓಎಸ್‌ಟಿಯನ್ನು ಪಿಎಸ್‌ಟಿಯಾಗಿ ಪರಿವರ್ತಿಸುವ ಕೆಲಸವನ್ನಷ್ಟೇ. ಸರ್ವರಿನೊಂದಿಗೆ ಸಂಬಂಧವೇ ಇಲ್ಲದ ಆ ನಕಲು ನನಗೆ ಯಾವ ಉಪಯೋಗಕ್ಕೂ ಬರಲಿಲ್ಲ, ಹಣವೂ ಹಿಂದಿರುಗಲಿಲ್ಲ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಯಲ್ಲಿ, ಓಎಸ್‌ಟಿಯ ಜಾಗ ಸೂಚಿಸುವ ಫೋರ್ಸ್‌ಓಎಸ್‌ಟಿಪಾತ್ ಹಾಕುವ ದಾರಿಯೂ ಇದೆ, ಆದರೆ ಅದು ಹೊಸದಾಗಿ ಸೃಷ್ಟಿಯಾಗುವ ಓಎಸ್‌ಟಿಗೆ ಮಾತ್ರ ಅನ್ವಯಿಸುವುದರಿಂದ ಡೌನ್‌ಲೋಡಿನ ಕಾಟ ತಪ್ಪುವುದಿಲ್ಲ.

ಕೊನೆಗೆ ಕೈಹಿಡಿದದ್ದು ಜಂಕ್ಷನ್, ಅಂದರೆ ಒಂದು ಫೋಲ್ಡರನ್ನು ತೆರೆದರೆ ಬೇರೆ ಜಾಗದ ಫೋಲ್ಡರಿಗೆ ಕರೆದೊಯ್ಯುವ ವಿಂಡೋಸ್ ಕೊಂಡಿ. ಔಟ್‌ಲುಕ್ ಮುಚ್ಚಿ, ಅದರ ಪ್ರಕ್ರಿಯೆ ಹಿನ್ನೆಲೆಯಲ್ಲೂ ಉಳಿದಿಲ್ಲವೆಂದು ಟಾಸ್ಕ್ ಮ್ಯಾನೇಜರಿನಲ್ಲಿ ಖಚಿತಪಡಿಸಿಕೊಂಡು, ಆ್ಯಪ್‌ಡೇಟಾ ಲೋಕಲ್ ಮೈಕ್ರೋಸಾಫ್ಟ್ ಒಳಗಿನ ಔಟ್‌ಲುಕ್ ಫೋಲ್ಡರನ್ನು ವಿಂಡೋಸಿನ ನಕಲು ಆಜ್ಞೆ ರೋಬೊಕಾಪಿಯಿಂದ ಡಿ ಡ್ರೈವಿಗೆ ನಕಲಿಸಿದೆ. ಹಳೆಯ ಫೋಲ್ಡರಿನ ಹೆಸರು ಬದಲಿಸಿ, ಅದೇ ಜಾಗದಲ್ಲಿ ಅದೇ ಹೆಸರಿಗೆ ಎಂಕೆಲಿಂಕ್ ಆಜ್ಞೆಯ ಜೆ ಸ್ವಿಚ್‌ನಿಂದ, ಡಿ ಡ್ರೈವಿನ ನಕಲಿನತ್ತ ಜಂಕ್ಷನ್ ಹಾಕಿದೆ. ಔಟ್‌ಲುಕ್‌ಗೆ ದಾರಿ ಬದಲಾದದ್ದು ಗೊತ್ತೇ ಆಗಲಿಲ್ಲ. ಹಳೆಯ ಓಎಸ್‌ಟಿಯನ್ನೇ ತೆರೆದು ಅಂದಿನ ಹೊಸ ಮೇಲ್‌ಗಳನ್ನಷ್ಟೇ ತಂದುಕೊಂಡಿತು. ಒಂದು ವಾರ ಕಾದು ಹಳೆಯ ಫೋಲ್ಡರನ್ನು ಅಳಿಸಿದೆ. ಡಿ ಡ್ರೈವ್ ಕಾಣದಿದ್ದ ದಿನ ಔಟ್‌ಲುಕ್ ತೆರೆಯದಂತೆ ತಡೆಯುವ ಒಂದು ಸಣ್ಣ ಏರ್ಪಾಡನ್ನೂ ಮಾಡಿಕೊಂಡಿದ್ದೇನೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ನಡುವೆ ಬೇರೊಂದು ಪ್ರಯೋಗವನ್ನೂ ಮಾಡಿದ್ದೆ. ಆಫ್‌ಲೈನಿನಲ್ಲಿ ಇಡುವ ಮೇಲ್‌ಗಳ ಅವಧಿಯನ್ನು ಒಂದು ವರ್ಷಕ್ಕೆ ಇಳಿಸಿದರೂ ಫೈಲಿನ ಗಾತ್ರ ಕಡಿಮೆಯಾಗಲಿಲ್ಲ. ಫೈಲಿನೊಳಗಿನ ಖಾಲಿ ಜಾಗ ತೆಗೆದು ಕುಗ್ಗಿಸುವ ಕಾಂಪ್ಯಾಕ್ಟ್ ಕೊಟ್ಟು ಎರಡು ಗಂಟೆ ಕಾದ ಮೇಲೆ 9 ಜಿಬಿಗೆ ಬಂತು. ಆದರೆ ಇಂಟರ್ನೆಟ್ ಇಲ್ಲದಾಗ ಹಳೆಯ ಮೇಲ್ ಹುಡುಕುವುದು ನನ್ನ ನಿತ್ಯದ ಕೆಲಸವಾದ್ದರಿಂದ ಪೂರ್ಣ ಅವಧಿಗೇ ಮರಳಿದೆ, ಮತ್ತೆ 14 ಜಿಬಿಯಷ್ಟು ಡೇಟಾ ಹೋಯಿತು. ಪಿಎಸ್‌ಟಿಯನ್ನು ನೆಟ್‌ವರ್ಕ್ ಡ್ರೈವಿನಲ್ಲಿಟ್ಟೂ ನೋಡಿದೆ. ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲವಿಲ್ಲ, ಮೂರನೆಯ ದಿನವೇ ಕೆಟ್ಟ ಫೈಲನ್ನು ಸರಿಪಡಿಸುವ ಸ್ಕ್ಯಾನ್‌ಪಿಎಸ್‌ಟಿ ಓಡಿಸಬೇಕಾಯಿತು.

ಈಗ ನಾಲ್ಕು ತಿಂಗಳಾಗಿದೆ. ತಿರುಗುವ ಡಿಸ್ಕಾದ್ದರಿಂದ ದೊಡ್ಡ ಫೋಲ್ಡರ್ ತೆರೆಯಲು ಮೂರು ನಾಲ್ಕು ಸೆಕೆಂಡು ಹೆಚ್ಚು ಹಿಡಿಯುತ್ತದೆ. ಸಿ ಡ್ರೈವಿನಲ್ಲಿ 40 ಜಿಬಿ ಖಾಲಿ ಇರುವುದರಿಂದ ಅದು ನನಗೆ ಹೊರೆಯೆನಿಸಿಲ್ಲ.